ಪ್ರಾಥರ್ ಒರತೆ

ನಕ್ಷೆಯ ಗಾಜಿನ ಮೇಲೆ ಸರಿಯಾಗಿ ಆ ಜಾಗದಲ್ಲೇ ಒಂದು ಬೆರಳಿನ ಗುರುತಿತ್ತು. ಯಾವನೋ ಬೇಟೆಗಾರನದಿರಬೇಕು ಎಂದುಕೊಂಡು ಲೈಲ್ ಪ್ರಾಥರ್ ಕರವಸ್ತ್ರದ ತುದಿಗೆ ಉಗುಳು ಹಚ್ಚಿ ಒರೆಸಿದ. ಒರೆಸುತ್ತಿರುವಾಗಲೇ ಈ ವಾರ ಜಿಂಕೆ ಬೇಟೆಯವರು ಯಾರೂ ಒಳಗೆ ಕಾಲಿಟ್ಟಿಲ್ಲ, ಗುರುತು ತನ್ನದೇ ಎಂದು ನೆನಪಾಗಿ ನಾಚಿಕೆಯಾಯಿತು. ನಾಚಿಕೆಯೆಂದರೆ ಅಂಥ ದೊಡ್ಡ ನಾಚಿಕೆಯೇನಲ್ಲ. ಐವತ್ತೆಂಟು ವರ್ಷದ, ಮದುವೆಯಿಲ್ಲದ, ಇನ್ನೂರ ಹನ್ನೆರಡು ಜನರ ಊರಿನ ಪೋಸ್ಟ್‌ಮಾಸ್ಟರು ದಿನಕ್ಕೆ ನಾಲ್ಕೈದು ಸಲ ಹೀಗೆ ತನ್ನನ್ನು ತಾನೇ ಕಳ್ಳತನದಲ್ಲಿ ಹಿಡಿಯುತ್ತಿದ್ದ. ಹಿಡಿದು, ನಾಲ್ಕು ಮಾತು ಬೈದು, ಬಿಟ್ಟುಬಿಡುತ್ತಿದ್ದ. ನೆವಾಡಾದ ಆ ಹಾಲಿಸ್ ಫ್ಲ್ಯಾಟ್ ಊರಿನಲ್ಲಿ ಬೇರೆ ಪೊಲೀಸರೂ ಇರಲಿಲ್ಲ. ಪೋಸ್ಟಾಫೀಸಿನ ಗೋಡೆಯ ಮೇಲೆ ಮೂರು ನಕ್ಷೆಗಳಿದ್ದವು, ಮೂರಕ್ಕೂ ಅವನೇ ಸ್ವಂತ ಖರ್ಚಿನಲ್ಲಿ ಎಲ್ಕೋ ಪಟ್ಟಣದಿಂದ ಕಟ್ಟು ಹಾಕಿಸಿಕೊಂಡು ಬಂದಿದ್ದ. ಸಾವಿರದ ಎಂಟುನೂರ ತೊಂಬತ್ಮೂರರದರಲ್ಲಿ ಊರೇ ಇಲ್ಲ. ಕಣಿವೆಯ ನಡುವೆ ಕುದುರೆಗಾಡಿಯ ದಾರಿಯೊಂದು ಚುಕ್ಕೆ ಚುಕ್ಕೆಯಾಗಿ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತದೆ. ಮೂವತ್ತೊಂದರದರಲ್ಲಿ ರೈಲುಹಳಿ, ನಿಲ್ದಾಣ, ಶಾಲೆಯ ಬಾವುಟ, ಮನೆಗಳೆಂದು ಹನ್ನೊಂದು ಕಪ್ಪು ಚೌಕ. ಐವತ್ತೇಳರದರಲ್ಲಿ, ಬೆಟ್ಟಗಳ ಎತ್ತರವನ್ನು ಹೇಳುವ ಕಂದು ಗೆರೆಗಳು ಒತ್ತೊತ್ತಾಗಿ ಸುತ್ತಿಕೊಂಡಿರುವ ಮೂಲೆಯಲ್ಲಿ, ಸಾಸಿವೆ ಕಾಳಿನಷ್ಟು ದಪ್ಪದ ನೀಲಿ ಓರೆ ಅಕ್ಷರದಲ್ಲಿ, ಪ್ರಾಥರ್ ಒರತೆ. ಸಾಸಿವೆ ಕಾಳೇ ಆಗಲಿ. ಹೆಸರನ್ನು ಸರ್ಕಾರವೇ ಅಚ್ಚು ಹಾಕಿಸಿದೆ. ಇಂಥದ್ದು ಇಡೀ ಜಿಲ್ಲೆಯಲ್ಲಿ ಎಷ್ಟು ಜನರಿಗಿದೆ ಎಂದು ಅವನು ಒಂದು ಸಲ ಎಣಿಸಿಯೂ ನೋಡಿದ್ದ: ಒಂಬತ್ತು. ಅದರಲ್ಲಿ ಎಂಟು ಜನ ಸತ್ತವರು.

ಬೇಟೆಗಾರರು ಬಂದಾಗ ಒಬ್ಬನಾದರೂ ಬಾಗಿಲ ಮೇಲಿನ ಹೆಸರಿನ ಹಲಗೆಯನ್ನೂ ನಕ್ಷೆಯನ್ನೂ ನೋಡಿ, "ಓಹೋ, ನೀವು ಆ ಪ್ರಾಥರ್ ಅವರೇನು?" ಎಂದು ಕೇಳುತ್ತಿದ್ದ. ಕೇಳದೆ ಹೋದರೆ ಲೈಲ್ ಅವರಿಗೆ ಕೊಡುವ ಚಿಲ್ಲರೆ ಎಣಿಸುವುದನ್ನು ಸ್ವಲ್ಪ ನಿಧಾನ ಮಾಡುತ್ತಿದ್ದ. ಆಮೇಲೆ ತಾತ ಎಜ್ರಾ ಪ್ರಾಥರನ ಕಥೆ. ಮೂರು ದಿನ ನೀರಿಲ್ಲದೆ ನಡೆದ ತಾತ, ನಾಲಿಗೆ ಚರ್ಮದ ಹಾಗೆ ಒಣಗಿದ ತಾತ, ಹೇಸರಗತ್ತೆ ಕಿವಿ ನಿಮಿರಿಸಿದ ದಿಕ್ಕಿಗೆ ತೆವಳಿಕೊಂಡು ಹೋಗಿ ಒದ್ದೆ ಮಣ್ಣನ್ನು ಅಪ್ಪಿಕೊಂಡು ಅತ್ತ ತಾತ. ನಿಜವಾದ ಎಜ್ರಾ ಪ್ರಾಥರ್ ಕ್ಷೌರಿಕನಾಗಿದ್ದ. ಆಗ್ಡನ್‌ನಿಂದ ರೈಲಿನಲ್ಲಿ ಹೋಗುವಾಗ ಕಾಲು ಸಡಿಲಿಸಲು ಇಲ್ಲಿ ಇಳಿದ, ರೈಲು ಹೊರಟುಹೋಯಿತು, ಇಲ್ಲೇ ಉಳಿದ. ಹಾವಿನ ಹೆದರಿಕೆಗೆ ಸಾಯುವ ತನಕ ನಿಲ್ದಾಣದ ನೀರಿನ ತೊಟ್ಟಿಯಿಂದಾಚೆ ಹೆಜ್ಜೆ ಇಟ್ಟವನಲ್ಲ. ಹೇಸರಗತ್ತೆಯನ್ನು ಸೇರಿಸಿದ್ದು ಸುಮಾರು ಅರವತ್ತೆಂಟರಲ್ಲಿ ಇರಬೇಕು. ಅದು ಇಲ್ಲದೆ ಕಥೆ ಸಪ್ಪೆಯಾಗುತ್ತಿತ್ತು.

ಹೊರಗೆ ಹಳದಿ ಶಾಲಾ ಬಸ್ಸು ಬಂದು ನಿಂತಿತು. ಎಂಜಿನ್ ನಿಲ್ಲಿಸದೆಯೇ ಜೋಸೆಟ್ ಲೆಕುಂಬೆರಿ ಇಳಿದು ಬಂದಳು. ಐವತ್ತೆರಡು ವರ್ಷದ ಗಟ್ಟಿ ಹೆಂಗಸು. ಮದುವೆಯಾಗಿ, ಅದನ್ನು ಬಿಟ್ಟು, ಊರಿಗೆ ಮರಳಿ, ಹದಿನೈದು ವರ್ಷದಿಂದ ಈ ಬಸ್ಸು ಓಡಿಸುತ್ತಿದ್ದಳು. ಕುರಿಗಾಹಿ ಬೆಟ್ರಿ ಲೆಕುಂಬೆರಿಯ ಒಬ್ಬಳೇ ಮಗಳು. ಅವಳನ್ನು ಕಂಡರೆ ಲೈಲ್‌ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು, ಈ ವಯಸ್ಸಿನಲ್ಲೂ. ಇದಕ್ಕೂ ಅವನು ತನ್ನನ್ನು ಬೈದುಕೊಂಡದ್ದುಂಟು.

"ಏನು ಲೈಲ್, ಸರ್ಕಾರದ ಕೆಲಸ ಜೋರಾಗಿ ನಡೀತಿರೋ ಹಾಗಿದೆ?"

"ಗಾಜು ಒರೆಸೋದೂ ಸರ್ಕಾರದ ಕೆಲಸಾನೇ. ನಾನು ಮಾಡಿದ್ರಲ್ಲಿ ಕಣ್ಣಿಗೆ ಕಾಣೋದು ಅದೊಂದೇ."

ಅವಳು ನಗಲಿಲ್ಲ. ಜಾಕೆಟ್ಟಿನ ಒಳಗಿನಿಂದ ಮಡಿಸಿದ ಕಾಗದ ತೆಗೆದು ಕೌಂಟರಿನ ಕಟ್ಟೆಯ ಮೇಲೆ ಹರಡಿ ಅಂಗೈಯಿಂದ ತಟ್ಟಿ ಸಪಾಟು ಮಾಡಿದಳು. "ಸರ್ಕಾರದ ನಕ್ಷೆಯೋರು ಹೊಸ ಹಾಳೆ ತರ್ತಿದ್ದಾರಂತೆ, ಬರೋ ವರ್ಷ. ಹೆಸರಿಲ್ಲದ ಜಾಗಕ್ಕೆ ಹೆಸರು ಬೇಕಾದ್ರೆ ಈಗ್ಲೇ ಅರ್ಜಿ ಹಾಕ್ಬೇಕು. ಆ ಮನುಷ್ಯ ಸತ್ತು ಐದು ವರ್ಷ ಕಳೆದಿರ್ಬೇಕು ಅಂತ ಕಾನೂನು. ಅಪ್ಪ ಹೋಗಿ ಆರಾಯ್ತು."

"ಯಾವ ಜಾಗಕ್ಕೆ?"

ಜೋಸೆಟ್ ನೇರ ಗೋಡೆಯ ಹತ್ತಿರ ಹೋಗಿ ಐವತ್ತೇಳರ ನಕ್ಷೆಯ ಗಾಜಿನ ಮೇಲೆ ಬೆರಳಿಟ್ಟಳು. ಬೆರಳು ಅವನ ಹೆಸರಿನ ಮೇಲಿರಲಿಲ್ಲ. ಅದರಿಂದ ಒಂದು ಬೆರಳಗಲ ಮೇಲೆ, ಒರತೆಯ ಹಿಂದಿನ ಬೋಳು ಗುಡ್ಡದ ಮೇಲಿತ್ತು. ಅದಕ್ಕೆ ಹೆಸರಿಲ್ಲ, ಎತ್ತರದ ಅಂಕೆ ಮಾತ್ರ: ೬೨೧೪. ಊರಿನವರೂ ಅದನ್ನು ಅರವತ್ತೆರಡು ಹದಿನಾಲ್ಕು ಎಂದೇ ಕರೆಯುತ್ತಿದ್ದರು.

"ಬೆಟ್ರಿ ಗುಡ್ಡ ಅಂತ," ಎಂದಳು. "ಐವತ್ತು ವರ್ಷ ಅದರ ಬುಡದಲ್ಲೇ ಕುರಿ ಕಾಯ್ದ. ಇಲ್ಲಿ ನೋಡು, ಒಂಬತ್ತನೇ ಪ್ರಶ್ನೆ. ಆ ಮನುಷ್ಯನಿಗೂ ಆ ಜಾಗಕ್ಕೂ ಏನು ಸಂಬಂಧ, ಊರಿನ ಹಿರಿಯರೊಬ್ಬರು ಬರೆದು ಸಹಿ ಹಾಕ್ಬೇಕು. ನೀನು ಬರಿ."

"ನಾನಾ? ನನಗಿಂತ ಒಳ್ಳೆಯೋರು..."

"ನಕ್ಷೆ ಮೇಲೆ ಹೆಸರಿರೋನು ನೀನೊಬ್ಬನೇ ತಾನೇ? ಅವರು ನಿನ್ನ ಮಾತನ್ನ ನಂಬ್ತಾರೆ. ಅದೂ ಅಲ್ದೆ," ಬಾಗಿಲಲ್ಲಿ ತಿರುಗಿ ನಿಂತು, ದನಿ ಸ್ವಲ್ಪ ತಗ್ಗಿಸಿ, "ನೀನು ಅಪ್ಪನಿಗೆ ಮಾಡಿದ ಉಪಕಾರಾನ ನಮ್ಮನೇಲಿ ಯಾರೂ ಮರ್ತಿಲ್ಲ, ಲೈಲ್. ನೀನೇ ಬರೀಬೇಕು. ಮಕ್ಕಳನ್ನ ಇಳಿಸಿ ಮೂರೂ ಮುಕ್ಕಾಲಿಗೆ ಬರ್ತೀನಿ."

ಬಸ್ಸು ಹೋಯಿತು. ಉಪಕಾರ? ಅವನು ಕಾಗದವನ್ನು ನೋಡುತ್ತ ನಿಂತ. ಬೆಟ್ರಿ ಲೆಕುಂಬೆರಿಗೂ ಆ ಗುಡ್ಡಕ್ಕೂ ಏನು ಸಂಬಂಧ? ಎರಡು ಸಾಲು ಸಾಕು. ಗುಡ್ಡದ ಬುಡದ ಒದ್ದೆ ನೆಲವನ್ನು ಅವನು ಒಬ್ಬನೇ ಎರಡು ಬೇಸಿಗೆ ಅಗೆದು, ಕಲ್ಲು ಕಟ್ಟಿ, ನೀರು ತಂದು, ಮರದ ತೊಟ್ಟಿ ಇಟ್ಟ. ಊರೆಲ್ಲ ಅದನ್ನು ಬೆಟ್ರಿಯ ಒರತೆ ಎನ್ನುತ್ತಿತ್ತು. ಬರೆದರೆ ಮುಗಿಯಿತು. ಓದಿದ ಗುಮಾಸ್ತ ನಕ್ಷೆ ತೆಗೆದು ನೋಡುತ್ತಾನೆ: ಹಾಗಾದರೆ ಈ ಪ್ರಾಥರ್ ಯಾರಪ್ಪ? ಪ್ರಾಥರ್ ಕೆಳಗೆ ಸಹಿ ಹಾಕಿರುತ್ತಾನೆ. ಲೈಲ್ ಪೆನ್ನು ಕೈಗೆತ್ತಿಕೊಂಡು, ಅಂಚೆಚೀಟಿಗಳ ಖಾನೆಯನ್ನು ಸರಿಮಾಡಿ, ಪೆನ್ನು ಕೆಳಗಿಟ್ಟ. ಶ್ರೀಮತಿ ಟೀಗ್ ಬಂದು ಮಗಳ ಕಾಗದ ಬಂದಿದೆಯೇ ಎಂದು ಕೇಳಿದಳು. ಇಲ್ಲ ಎಂದ. ಅವಳು ಹೋದ ಮೇಲೆ ಆ ಮಗಳ ಕಾಗದ ತನ್ನ ಕೈಯಲ್ಲೇ ಇದ್ದದ್ದು ಕಂಡು ರಸ್ತೆಗೆ ಓಡಬೇಕಾಯಿತು.

ಮೂವತ್ತು ವರ್ಷದ ಹಿಂದೆ, ಐವತ್ತಾರರ ವಸಂತದಲ್ಲಿ, ಕಡಲಾಚೆಯಿಂದ ಬಂದ ಬೆಟ್ರಿಯಂಥ ಬಾಸ್ಕ್ ಕುರಿಗಾಹಿಗಳು ಸೇರುವ ಹೋಟೆಲಿನ ಹಿಂದಿನ ಹಜಾರದಲ್ಲಿ ಕುಣಿತವಿತ್ತು. ಉದ್ದ ಮೇಜುಗಳನ್ನು ಗೋಡೆಗೆ ಸರಿಸಿ, ಅಕಾರ್ಡಿಯನ್ ನುಡಿಸುವವನನ್ನು ಪೀಪಾಯಿಯ ಮೇಲೆ ಕೂರಿಸಿದ್ದರು. ಇಪ್ಪತ್ತೆಂಟರ ಲೈಲ್ ಹೊಸ ಬೂಟು ಹಾಕಿ, ಇಡೀ ಹಜಾರವನ್ನು ದಾಟಿ, ಇಪ್ಪತ್ತೆರಡರ ಜೋಸೆಟ್‌ಳ ಮುಂದೆ ನಿಂತು ಕೈ ನೀಡಿದ್ದ. ಅವಳು ತನ್ನ ಭಾಷೆಯಲ್ಲಿ ಏನೋ ಅಂದಳು, ಮೂರೋ ನಾಲ್ಕೋ ಪದ. ಮೇಜಿಗೆ ಮೇಜೇ ನಕ್ಕಿತು. ಬೆಟ್ರಿಯೂ ನಕ್ಕ, ಮೀಸೆಯಲ್ಲಿ ವೈನು ಹೊಳೆಯುವಂತೆ ನಕ್ಕು, ಲೋಟ ಎತ್ತಿ ಹಿಡಿದ. ಆ ಪದಗಳ ಅರ್ಥವನ್ನು ಯಾರ ಹತ್ತಿರ ಕೇಳುವುದು? ಕೇಳಿದರೆ ಅವರೂ ನಗುತ್ತಾರೆ. ವಾಪಸ್ಸು ಹಜಾರ ದಾಟುವಾಗ ಹೊಸ ಬೂಟು ಕಿರಗುಟ್ಟಿದ ಸದ್ದು ಅವನಿಗೆ ಈಗಲೂ ಕೇಳಿಸುತ್ತಿತ್ತು. ಮೂವತ್ತು ವರ್ಷ ಹಳೆಯ ಬೂಟು, ಅಡಿ ಸವೆದು ಎಂದೋ ಎಸೆದ ಬೂಟು, ಸದ್ದು ಮಾತ್ರ ಸವೆದಿಲ್ಲ. ಜುಲೈನಲ್ಲಿ ನಕ್ಷೆಯ ಮನುಷ್ಯ ಬಂದ. ಹೋಲ್ಬ್ರುಕ್ ಎಂದು ಹೆಸರು, ಬಿಸಿಲಿಗೆ ಮೂಗು ಸುಲಿದಿತ್ತು. ವಿಮಾನದಿಂದ ತೆಗೆದ ಚಿತ್ರಗಳ ಕಟ್ಟನ್ನು ಇದೇ ಕಟ್ಟೆಯ ಮೇಲೆ ಬಿಚ್ಚಿ, "ಹಳ್ಳಗಳು, ಗುಡ್ಡಗಳು, ನೀರಿನ ಜಾಗಗಳು, ಊರಿನೋರು ಏನಂತ ಕರೀತಾರೋ ಹಾಗೇ ಹೇಳಿ. ಪೋಸ್ಟ್‌ಮಾಸ್ಟರಿಗೆ ಗೊತ್ತಿಲ್ಲದ್ದು ಯಾರಿಗೆ ಗೊತ್ತಿರುತ್ತೆ?" ಎಂದ. ಲೈಲ್‌ನನ್ನು ಅದುವರೆಗೆ ಯಾರೂ ಏನನ್ನೂ ಹಾಗೆ ಕೇಳಿರಲಿಲ್ಲ. ನಲವತ್ತೊಂದು ಹೆಸರುಗಳನ್ನು ಸರಿಯಾಗಿಯೇ ಹೇಳಿದ, ದೇವರಾಣೆಗೂ. ಅದನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯಬೇಕು. ನಲವತ್ತೆರಡನೆಯದಕ್ಕೆ ಹೋಲ್ಬ್ರುಕ್ ಪೆನ್ಸಿಲ್ ತುದಿಯನ್ನು ಒಂದು ಕಪ್ಪು ಕಲೆಯ ಮೇಲಿಟ್ಟು, "ಇಲ್ಲೊಂದು ಒರತೆ ಇರೋ ಹಾಗಿದೆ. ಹೆಸರು?" ಎಂದಾಗ ಲೈಲ್ ಬಾಯಿ ತೆರೆದ. ಬೆಟ್ರಿ ಎಂದು ಹೇಳುವುದಕ್ಕೇ ತೆರೆದದ್ದು. ತೆರೆದ ಬಾಯೊಳಗೆ ಆ ಮೀಸೆ, ಆ ಲೋಟ. "ಪ್ರಾಥರ್," ಎಂದ. ಹೋಲ್ಬ್ರುಕ್ ತಲೆ ಎತ್ತಿ, "ಬದುಕಿರೋರ ಹೆಸರು ಹಾಕಲ್ಲ, ಸಾರ್. ಯಾರು ಇವರು?" ಎಂದ. "ನಮ್ಮ ತಾತ," ಎಂದ ಲೈಲ್. ಅಷ್ಟು ಸುಲಭ. ಕ್ಷೌರಿಕ ಎಜ್ರಾ ಹುಟ್ಟಿ ಎಂಬತ್ತು ವರ್ಷದ ಮೇಲೆ, ಸತ್ತು ಇಪ್ಪತ್ತು ವರ್ಷದ ಮೇಲೆ, ಮೊದಲ ಸಲ ಬೆಟ್ಟ ಹತ್ತಿದ.

ಆ ಕ್ರಿಸ್‌ಮಸ್‌ನ ಹಿಂದಿನ ದಿನ ಬೆಟ್ರಿ ಪೋಸ್ಟಾಫೀಸಿಗೆ ಬಂದ. ಟೋಪಿಯನ್ನು ಹೊಸ್ತಿಲಲ್ಲೇ ತೆಗೆದಿದ್ದ. ಐವತ್ತು ದಾಟಿದ ಮನುಷ್ಯ, ಮಗನಷ್ಟು ವಯಸ್ಸಿನವನಿಗೆ "ಮಿಸ್ಟರ್ ಪ್ರಾಥರ್" ಎಂದು ಕರೆದು, ಹಿಟ್ಟಿನ ಚೀಲದ ಬಟ್ಟೆಯಲ್ಲಿ ಸುತ್ತಿದ ಕುರಿಮರಿಯ ತೊಡೆಯನ್ನು ಕಟ್ಟೆಯ ಮೇಲಿಟ್ಟ. "ನಿಮಗೆ," ಎಂದ. ಇನ್ನೇನೂ ಹೇಳದೆ, ತಿರುಗದೆ, ಎರಡು ಹೆಜ್ಜೆ ಹಿಂದಕ್ಕೇ ನಡೆದು ಹೊರಗೆ ಹೋದ. ಆಗ ಇನ್ನೂ ನಕ್ಷೆ ಅಚ್ಚಾಗಿರಲಿಲ್ಲ, ಆದರೂ ಲೈಲ್‌ಗೆ ಸಂಶಯವೇ ಉಳಿಯಲಿಲ್ಲ: ವಿಷಯ ಗೊತ್ತಾಗಿದೆ, ಹಂಗಿಸಲು ಬಂದಿದ್ದಾನೆ. ತೆಗೆದ ಟೋಪಿ, ಆ ಮಿಸ್ಟರ್, ಆ ಹಿಂಬದಿಯ ನಡಿಗೆ, ಎಲ್ಲ ಮೂದಲಿಕೆ. ನನ್ನ ನೀರು ಕುಡಿದೆಯಲ್ಲ, ನನ್ನ ಮಾಂಸವನ್ನೂ ತಿನ್ನು. ಎಸೆಯಬೇಕೆಂದುಕೊಂಡ. ಬೆಳ್ಳುಳ್ಳಿ ಸಿಕ್ಕಿಸಿ ಬೇಯಿಸಿ ಎಂಟು ದಿನ ಒಬ್ಬನೇ ತಿಂದ. ಮರುವರ್ಷ ಮತ್ತೆ ತೊಡೆ. ಅದರ ಮರುವರ್ಷ ಮತ್ತೆ. ಬೆಟ್ರಿ ತೀರಿಹೋದ ಮೇಲೆ ಜೋಸೆಟ್ ತಂದುಕೊಡತೊಡಗಿದಳು, ನಗುನಗುತ್ತಾ. ಅಪ್ಪನ ಮೂದಲಿಕೆಯನ್ನು ಮಗಳು ಉತ್ತರಾಧಿಕಾರವಾಗಿ ಪಡೆದಿದ್ದಾಳೆ, ಎಂಥ ಛಲದ ಜನ, ಎಂದುಕೊಂಡು ಲೈಲ್ ಒಲೆ ಹೊತ್ತಿಸುತ್ತಿದ್ದ. ಮೂವತ್ತು ತೊಡೆ. ತನ್ನ ಅಪರಾಧಪ್ರಜ್ಞೆಗೆ ಇಷ್ಟು ಚೆನ್ನಾಗಿ ಊಟ ಹಾಕಿದ ಮನುಷ್ಯ ನೆವಾಡಾದಲ್ಲೇ ಇನ್ನೊಬ್ಬನಿರಲಾರ ಎಂದು ಅವನಿಗೆ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದಾಗ ಸ್ವಲ್ಪ ಹಗುರವಾಗುತ್ತಿತ್ತು. ತನ್ನನ್ನು ನೋಡಿ ತಾನೇ ಮೊದಲು ನಕ್ಕುಬಿಟ್ಟರೆ ಬೇರೆಯವರ ನಗುವಿಗೆ ಜಾಗವಿರುವುದಿಲ್ಲ. ಇದೊಂದೇ ಅವನು ಬದುಕಿನಲ್ಲಿ ಕಲಿತ ವಿದ್ಯೆ.

ಮೂರೂ ಮುಕ್ಕಾಲಿಗೆ ಒಂಬತ್ತನೆಯ ಪ್ರಶ್ನೆಯ ಕೆಳಗೆ ಏನೂ ಬರೆದಿರಲಿಲ್ಲ.

"ಬೆಳಿಗ್ಗೆ ನೀನು ಉಪಕಾರ ಅಂದ್ಯಲ್ಲ," ಎಂದ ಲೈಲ್, ಜೋಸೆಟ್ ಬಾಗಿಲು ಹಾಕುವ ಮೊದಲೇ. "ಯಾವ ಉಪಕಾರ?"

"ನನ್ನ ಬಾಯಿಂದಲೇ ಹೇಳಿಸ್ಬೇಕಾ?" ಅವಳು ಕಟ್ಟೆಗೆ ಒರಗಿದಳು. "ಸರಿ. ಅಪ್ಪ ಸತ್ತಿದ್ದಾನೆ, ಇನ್ನೇನು. ಅಪ್ಪನ ಹತ್ರ ಈ ದೇಶದಲ್ಲಿರೋಕೆ ಕಾಗದ ಇರಲಿಲ್ಲ, ಲೈಲ್. ಹಡಗಿನಿಂದ ಹಾರಿ ಬಂದೋನು. ಇಪ್ಪತ್ತೇಳನೇ ಇಸವಿಯಿಂದ ಸಾಯೋತನಕ ಇಲ್ಲದೋನ ಹಾಗೇ ಇದ್ದ. ಬ್ಯಾಂಕಿಲ್ಲ, ಓಟಿಲ್ಲ, ಎಲ್ಲಾನೂ ಅಮ್ಮನ ಹೆಸರಲ್ಲಿ. ಆ ನಕ್ಷೆಯೋನು ಬಂದನಲ್ಲ, ನಿನ್ನ ಹತ್ರ ಕೇಳಿದ್ಮೇಲೆ ನೇರ ನಮ್ಮ ಬಿಡಾರಕ್ಕೆ ಹೋಗಿದ್ದ. ಪ್ರತಿ ಹೆಸರಿಗೂ ಇಬ್ಬರು ಹೂಂ ಅನ್ಬೇಕಂತೆ. ಸರ್ಕಾರದ ಜೀಪು ಕಂಡ ಕೂಡ್ಲೆ ಅಪ್ಪನ ಕೈಕಾಲು ತಣ್ಣಗಾಗಿತ್ತು. ನಕ್ಷೆಯೋನು, 'ಪೋಸ್ಟ್‌ಮಾಸ್ಟರು ಇದು ಪ್ರಾಥರ್ ಒರತೆ ಅಂತಾರೆ, ಹೌದಾ?' ಅಂತ ಕೇಳ್ದ. ಅಪ್ಪ ಹೌದು ಹೌದು ಅಂದುಬಿಟ್ಟ. ಮಿಸ್ಟರ್ ಪ್ರಾಥರ್ ನನ್ನ ಹೆಸರು ಸರ್ಕಾರದ ಪಟ್ಟಿಗೆ ಸೇರದ ಹಾಗೆ ತನ್ನ ಹೆಸರು ಅಡ್ಡ ಕೊಟ್ಟು ಕಾಪಾಡಿದ್ರು ಅಂತ ನಮಗೆಲ್ಲಾ ಹೇಳ್ತಿದ್ದ. ಸಾಯೋ ವಾರ ಕೂಡ ನನ್ನ ಕೈ ಹಿಡ್ಕೊಂಡು, ತೊಡೆ ಕೊಡೋದು ನಿಲ್ಲಿಸ್ಬೇಡ ಅಂದ."

ಲೈಲ್ ಕುರ್ಚಿಗಾಗಿ ಕೈ ಹಿಂದಕ್ಕೆ ಚಾಚಿದ. ಮೊದಲು ಬಂದದ್ದು, ಒಪ್ಪಿಕೊಳ್ಳಲು ಕಷ್ಟವಾದರೂ, ಸಂತೋಷ. ಟೋಪಿ ತೆಗೆದದ್ದು ನಿಜವಾದ ಗೌರವ! ಎಂಥ ಒಳ್ಳೆಯ ಮನುಷ್ಯನಾಗಿದ್ದೆ, ನನಗೇ ತಿಳಿಯದೆ. ಎರಡು ಉಸಿರಿನಷ್ಟು ಹೊತ್ತು ಅವನು ಆ ಲೈಲ್ ಪ್ರಾಥರನ ಮೈಯೊಳಗೆ ಹೊಕ್ಕು ಕುಳಿತ; ಭುಜ ಅಳತೆ ಸರಿಹೋಗುತ್ತದೆಯೇ ಎಂದು ಅಲ್ಲಾಡಿಸಿಯೂ ನೋಡಿದ. ಇನ್ನೊಂದು ಸುಳ್ಳೂ ಹೇಳಬೇಕಾಗಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಮುಚ್ಚಿಕೊಂಡಿರುವುದು ಅವನಿಗೆ ಕಷ್ಟದ ಕೆಲಸವೂ ಆಗಿರಲಿಲ್ಲ. ಆದರೆ ಜೋಸೆಟ್ ಅವನನ್ನು ನೋಡುತ್ತಿದ್ದಳು. ಆ ನೋಟದಲ್ಲಿದ್ದ ಪ್ರೀತಿ ಅವನು ಮೂವತ್ತು ವರ್ಷದ ಹಿಂದೆ ಹಜಾರ ದಾಟಿ ಬೇಡಿದ್ದರ ಹತ್ತಿರ ಹತ್ತಿರ ಇತ್ತು, ಈಗ ಅದು ಬೇರೆ ಯಾರ ಹೆಸರಿಗೋ ಬಂದ ಕಾಗದದ ಹಾಗೆ ಅವನ ಕೈಯಲ್ಲಿತ್ತು.

"ಅದು ಹಾಗಲ್ಲ," ಎಂದ. "ನನಗೆ ಕಾಗದದ ವಿಷಯ ಗೊತ್ತೇ ಇರಲಿಲ್ಲ. ಕುಣಿತದ ದಿನ ನೀನು ಏನೋ ಅಂದೆ, ಎಲ್ಲರೂ ನಕ್ಕರು, ನಿಮ್ಮಪ್ಪನೂ ನಕ್ಕ. ಅದಕ್ಕೆ ಆ ಹೆಸರು ತೆಗೆದು ನಂದು ಹಾಕ್ದೆ. ಹೊಟ್ಟೆಕಿಚ್ಚಿಗೆ. ತಾತನೂ ಸುಳ್ಳು, ಹೇಸರಗತ್ತೆನೂ ಸುಳ್ಳು."

"ಯಾವ ಕುಣಿತ?" ಎಂದಳು ಜೋಸೆಟ್.

"ಐವತ್ತಾರು. ಹೋಟೆಲ್ ಹಿಂದಿನ ಹಜಾರ. ನಾನು ಬಂದು ಕೈ ನೀಡಿದ್ದೆ."

"ನನಗೆ ನೆನಪೇ ಇಲ್ಲ."

ಅವನು ಅದಕ್ಕೆ ಸಿದ್ಧನಾಗಿರಲಿಲ್ಲ.

"ತೊಡೆ," ಎಂದಳು ಜೋಸೆಟ್. ಅವಳ ಕತ್ತಿನಿಂದ ಕೆಂಪು ಏರುತ್ತಿತ್ತು. "ಮಂದೆಯೆಲ್ಲಾ ಮಾಲೀಕನದು, ಗೊತ್ತಾ? ವರ್ಷಕ್ಕೆ ಒಂದೇ ಒಂದು ಮರಿ ಅಪ್ಪನ ಪಾಲಿಗೆ ಬರ್ತಿತ್ತು. ಒಂದು ತೊಡೆ ಮಾಲೀಕನ ಮನೆಗೆ, ಒಂದು ತೊಡೆ ನಿನಗೆ. ಕ್ರಿಸ್‌ಮಸ್ ದಿನ ನಾವು ಕತ್ತಿನ ಮಾಂಸ ತಿಂತಿದ್ವಿ. ಮೂಳೆ ಚೀಪೋವಾಗ ಅಪ್ಪ, ನಮ್ಮನ್ನ ಕಾಪಾಡಿದೋರಿಗೆ ಒಳ್ಳೇದು ಹೋಗ್ಬೇಕು ಅನ್ನೋನು. ನಾವೂ ಹೂಂ ಅಂತಿದ್ವಿ. ಲೈಲ್, ನಾವು ಪ್ರಾರ್ಥನೇಲಿ ನಿನ್ನ ಹೆಸರು ಹೇಳ್ತಿದ್ವಿ ಕಣೋ!" ಅರ್ಜಿಯನ್ನು ಕಿತ್ತುಕೊಂಡು ಬಾಗಿಲು ತೆಗೆದಳು. "ಬಸ್ಸು ಹತ್ತು. ಅಮ್ಮನ ಮುಂದೆ ಹೇಳು ಇದನ್ನ."

"ಪೋಸ್ಟಾಫೀಸು ಮುಚ್ಚೋಕೆ ಇನ್ನೂ ಒಂದು ಗಂಟೆ..."

"ಹತ್ತು."

ಚಿಕ್ಕ ಮಕ್ಕಳಿಗಾಗಿ ಮಾಡಿದ ಸೀಟಿನಲ್ಲಿ ಅವನ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಮುಂದಿನ ಸೀಟಿನ ಬೆನ್ನಿನ ಮೇಲೆ ಯಾರೋ ಚಾಕುವಿನಿಂದ ತಮ್ಮ ಹೆಸರು ಕೆತ್ತಿದ್ದರು. ರಸ್ತೆಯ ಎರಡೂ ಬದಿ ಸೇಜ್ ಪೊದೆಗಳು ಬೂದು ಬಣ್ಣದಲ್ಲಿ ಹಿಂದೆ ಓಡುತ್ತಿದ್ದವು. ಜೋಸೆಟ್ ಕನ್ನಡಿಯಲ್ಲಿ ಕೂಡ ಅವನನ್ನು ನೋಡಲಿಲ್ಲ. ಇದನ್ನು ಆಮೇಲೆ ಹೇಗೆ ಹೇಳುವುದು ಎಂದು ಅವನ ಮನಸ್ಸು ಆಗಲೇ ತಯಾರಿ ನಡೆಸಿತ್ತು: ಐವತ್ತೆಂಟರ ಮುದುಕನನ್ನು ಟೀಚರ ಹತ್ತಿರ ಕರೆದುಕೊಂಡು ಹೋಗುವ ಶಾಲಾ ಬಸ್ಸು. ಚೆನ್ನಾಗಿದೆ. ಯಾರಿಗೆ ಹೇಳುವುದು ಎಂದು ಮಾತ್ರ ಹೊಳೆಯಲಿಲ್ಲ.

ತಾಯಿ ಎಂಗ್ರಾಸಿ ಲೆಕುಂಬೆರಿಗೆ ಎಪ್ಪತ್ತೆಂಟು. ಹೋಟೆಲಿನ ಅಡುಗೆಮನೆಯಲ್ಲಿ ನಲವತ್ತು ವರ್ಷ ದುಡಿದವಳು, ಇಂಗ್ಲಿಷು ಅವಳ ನಾಲಿಗೆಗೆ ಹತ್ತಲೇ ಇಲ್ಲ. ಮನೆಯಲ್ಲಿ ಅಡುಗೆಮೇಜಿನ ಮುಂದೆ ಕುಳಿತು ಹುರುಳಿಕಾಯಿ ಮುರಿಯುತ್ತಿದ್ದಳು. ಲೈಲ್‌ನನ್ನು ಕಂಡದ್ದೇ ಎದ್ದು ನಿಂತಳು. ಕೈಯನ್ನು ಏಪ್ರನ್ನಿಗೆ ಒರೆಸಿದಳು, ಕೂದಲು ಸರಿಮಾಡಿಕೊಂಡಳು, ಮಗಳ ಮುಖವನ್ನು ನೋಡಿದಳು. ಕೂತುಕೊಳ್ಳಿ ಅಮ್ಮ, ಕೂತುಕೊಳ್ಳಿ ಎಂದು ಲೈಲ್ ಎರಡು ಸಲ ಹೇಳಿದ. ಅವಳು ಕೂರಲಿಲ್ಲ. ಕೊನೆಗೆ ಮೂವರೂ ನಿಂತೇ ಇದ್ದರು. ಅವನು ಹೇಳಿದ, ಜೋಸೆಟ್ ಒಂದೊಂದು ವಾಕ್ಯವನ್ನೂ ಬಾಸ್ಕ್ ಭಾಷೆಗೆ ಕಲ್ಲು ಎಸೆದ ಹಾಗೆ ಎಸೆದಳು. ಮುದುಕಿ ಕೇಳಿದಳು. ನಡುವೆ ಒಂದು ಸಲವೂ ಆಶ್ಚರ್ಯಪಡಲಿಲ್ಲ. ಮುಗಿದ ಮೇಲೆ ಕುಳಿತು, ಒಂದು ಹುರುಳಿಕಾಯಿ ಮುರಿದು, ತಗ್ಗಿದ ದನಿಯಲ್ಲಿ ಬಹಳ ಹೊತ್ತು ಮಾತಾಡಿದಳು. ಜೋಸೆಟ್‌ಳ ಮುಖದ ಕೆಂಪು ಇಳಿಯುತ್ತಾ ಹೋಯಿತು.

"ಏನಂದ್ರು?"

ಜೋಸೆಟ್ ತಾಯಿಯನ್ನೇ ನೋಡುತ್ತಿದ್ದಳು.

"ಜೋಸೆಟ್, ಏನಂದ್ರು?"

"ಅಮ್ಮನಿಗೆ ಗೊತ್ತಿತ್ತಂತೆ. ಅಪ್ಪನಿಗೂ." ಅವಳು ಕುರ್ಚಿ ಎಳೆದು ಕುಳಿತಳು. "ನೀನು ಕಾಪಾಡಿದೆ ಅಂತ ನಮಗೆ ಹೇಳಿದ್ದು ಸುಳ್ಳಂತೆ. ಮಕ್ಕಳಿಗೆ ಏನಾದ್ರೂ ಹೇಳ್ಬೇಕಲ್ಲ, ಅದಕ್ಕೆ. ಜೀಪು ಹೋದ ದಿನ ಸಂಜೆ ಅಪ್ಪ ಬಂದು ಇಲ್ಲೇ ಕೂತು ಹೇಳಿದನಂತೆ, 'ಪೋಸ್ಟಾಫೀಸಿನೋನು ನನ್ನ ನೀರಿಗೆ ಅವನ ಹೆಸರು ಹಾಕಿದ್ದಾನೆ. ಊರಿಗೆಲ್ಲಾ ಗೊತ್ತಿರೋದನ್ನ ಹಾಡುಹಗಲೇ ತೆಗೆದುಕೊಂಡಿದ್ದಾನೆ. ನನಗೆ ಕಾಗದ ಇಲ್ಲ ಅಂತ ಗೊತ್ತಾಗದೆ ಅಷ್ಟು ಧೈರ್ಯ ಬರುತ್ತಾ? ನಮ್ಮ ಕಾಗದಪತ್ರ ಎಲ್ಲಾ ಅವನ ಕೈಮೇಲೇ ಹೋಗ್ಬೇಕು. ಇವತ್ತು ನೀರು ಕೇಳಿದ್ದಾನೆ, ನಾಳೆ ಏನು ಕೇಳ್ತಾನೋ' ಅಂತ." ಅವಳು ಅರ್ಜಿಯನ್ನು ಮೇಜಿನ ಮೇಲಿಟ್ಟಳು. "ಅದಕ್ಕೆ ತೊಡೆ. ಪ್ರತಿ ವರ್ಷ, ಅವನು ಕೇಳೋಕೆ ಮೊದಲೇ ಕೊಟ್ಟುಬಿಡೋಣ ಅಂತ."

ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಲೈಲ್ ಟೋಪಿಯನ್ನು ಕೈಯಲ್ಲಿ ಹಿಡಿದಿದ್ದ, ಯಾವಾಗ ತೆಗೆದನೋ. ತನ್ನನ್ನು ಅವನು ಎಷ್ಟು ಬಗೆಯಾಗಿ ಬೈದುಕೊಂಡಿದ್ದ! ಹೇಡಿ, ಬಡಾಯಿಕೋರ, ಕೋಡಂಗಿ, ಊರಿನ ನಗೆಪಾಟಲು. ಈ ಮಾತುಗಳನ್ನೆಲ್ಲ ಮೂವತ್ತು ವರ್ಷ ಮೆದು ದಿಂಬಿನ ಹಾಗೆ ಹೊಟ್ಟೆಗೊತ್ತಿಕೊಂಡು ಮಲಗಿದ್ದ. ಅಷ್ಟೂ ವರ್ಷ ನಾಲ್ಕು ಮೈಲಿ ದೂರದ ಈ ಅಡುಗೆಮನೆಯಲ್ಲಿ ಇಬ್ಬರು, ಕಾಗದ ಬಂತು ಅಂದರೆ, ಬಾಗಿಲು ತಟ್ಟಿದ ಸದ್ದಾದರೆ, ಅವನ ಹೆಸರನ್ನು ನೆನೆದು ಉಸಿರು ಹಿಡಿಯುತ್ತಿದ್ದರು. ತನಗೆ ಯಾರಾದರೂ ಹೆದರಬಹುದೆಂದು ಅವನಿಗೆ ಒಂದು ಸಲವೂ ತೋಚಿರಲಿಲ್ಲ. ತೋಚದಿದ್ದುದನ್ನು ವಿನಯ ಎಂದು ತಿಳಿದಿದ್ದ.

"ನನ್ನನ್ನ ಕಂಡ್ರೆ ನಾಯೀನೂ ಹೆದರಲ್ಲ ಅಂತ ಹೇಳು ಅವರಿಗೆ," ಎಂದ. ಅಭ್ಯಾಸದಿಂದ ಬಂದ ಮಾತು. ಹೊರಬಿದ್ದ ಕೂಡಲೇ ಅದು ಎಂಥ ಮಾತೆಂದು ತಿಳಿಯಿತು.

"ಅದನ್ನ ನಾನು ಹೇಳಲ್ಲ," ಎಂದಳು ಜೋಸೆಟ್.

ಮುದುಕಿ ಮೇಜಿನ ಮೇಲಿದ್ದ ಅರ್ಜಿಯನ್ನು ತೋರಿಸಿ ಏನೋ ಕೇಳಿದಳು. ಮಗಳು ಹೇಳಿದಳು. ಮತ್ತೆ ಕೇಳಿದಳು. ಈ ಸಲ ದನಿ ಗಡಸಾಗಿತ್ತು. ತಾಯಿಮಗಳ ನಡುವೆ ನಾಲ್ಕು ಮಾತು ಹರಿದಾಡಿದವು. ಬೆಟ್ರಿ ಎಂಬ ಹೆಸರು ಎರಡು ಸಲ ಬಂತು.

"ಬದುಕಿದ್ದಷ್ಟು ದಿನ ಸರ್ಕಾರದ ಕಾಗದಕ್ಕೆ ಹೆಸರು ಬೀಳದ ಹಾಗೆ ಅಡಗಿದ್ದೋನನ್ನ ಸತ್ತ ಮೇಲೆ ಹಿಡ್ಕೊಡ್ತೀಯಾ ಅಂತ ನನ್ನನ್ನ ಬೈತಿದ್ದಾಳೆ."

"ಹಾಗಾದ್ರೆ ಹರಿದು ಹಾಕು," ಎಂದ ಲೈಲ್. "ನಾನೇ ಹರೀತೀನಿ."

ಜೋಸೆಟ್ ಅದನ್ನು ತಾಯಿಗೆ ತಿಳಿಸಿದಳೋ, ಅಥವಾ ಅವನು ಕಾಗದಕ್ಕೆ ಕೈ ಚಾಚಿದ್ದು ಸಾಕಾಯಿತೋ, ಎಂಗ್ರಾಸಿ ಕಾಗದದ ಮೇಲೆ ತನ್ನ ಅಂಗೈಯನ್ನು ಊರಿದಳು. ಗಂಟುಗಂಟಾದ, ಹುರುಳಿಕಾಯಿಯ ನೀರು ಹತ್ತಿದ ಕೈ. ಕಾಗದ ಅಲ್ಲಿ ಒದ್ದೆಯಾಯಿತು. ಅವಳು ಯೋಚಿಸಿದಳು. ಇಬ್ಬರೂ ಕಾದರು. ಆಮೇಲೆ ಅವಳು ಎದ್ದು ಕಪಾಟಿನಿಂದ ಪೆನ್ಸಿಲ್ ತಂದು, ಅದು ಬೇಡವೆಂದು ಇಟ್ಟು, ಶಾಯಿ ಪೆನ್ನು ಹುಡುಕಿ ತಂದು, ಅವನ ಮುಂದಿಟ್ಟಳು. ಅವನಿಗೆ ಕುರ್ಚಿ ತೋರಿಸಿದಳು.

"ಬರೀಬೇಕಂತೆ," ಎಂದಳು ಜೋಸೆಟ್. "ನಿನ್ನ ಮಾತಲ್ಲ. ಅವಳು ಹೇಳ್ದ ಹಾಗೆ."

ಅವನು ಬರೆದ. ಮುದುಕಿ ಒಂದೊಂದೇ ವಾಕ್ಯ ಹೇಳಿದಳು, ಮಗಳು ದಾಟಿಸಿದಳು. ಬೆಟ್ರಿ ಲೆಕುಂಬೆರಿ ಸಾವಿರದ ಒಂಬೈನೂರ ಇಪ್ಪತ್ತೇಳರಲ್ಲಿ ಹಡಗಿನಿಂದ ನೀರಿಗೆ ಹಾರಿ ಈ ದೇಶಕ್ಕೆ ಬಂದ. ಅವನಿಗೆ ಈಜು ಚೆನ್ನಾಗಿ ಬರುತ್ತಿರಲಿಲ್ಲ. ಎರಡು ಬೇಸಿಗೆ ಅಗೆದು ಈ ಗುಡ್ಡದ ಬುಡದಲ್ಲಿ ನೀರು ತಂದ. ಮೊದಲ ಬೇಸಿಗೆ ಬಂಡೆಯಡಿ ಸಿಕ್ಕಿ ಎಡಗೈಯ ಎರಡು ಬೆರಳು ಹೋದವು. ಅವನಿಗೆ ಕಾಗದ ಇರಲಿಲ್ಲ. ಅಲ್ಲಿ ಲೈಲ್ ಪೆನ್ನು ನಿಲ್ಲಿಸಿದ.

"ಇದು ಬೇಕಾಗಿಲ್ಲ, ಅಮ್ಮ. ಅವರು ಇದನ್ನ ಕೇಳಿಲ್ಲ."

"ಬರಿ ಅಂತಾಳೆ."

ಬರೆದ. ಒರತೆ ಅವನದು. ಆ ಹೆಸರನ್ನು ತೆಗೆದುಹಾಕಿದ್ದು ನಾನು. ಜೋಸೆಟ್ ಪ್ರತಿ ಸಾಲನ್ನೂ ಅವನ ಭುಜದ ಮೇಲಿಂದ ಓದಿ, ತಿರುಗಿ ತಾಯಿಯ ಭಾಷೆಯಲ್ಲಿ ಓದಿ ಹೇಳುತ್ತಿದ್ದಳು. ಎರಡು ಕಡೆ ತಿದ್ದಿಸಿದರು. ಒಂಬತ್ತನೆಯ ಪ್ರಶ್ನೆಗೆ ಬಿಟ್ಟ ಜಾಗ ಮುಗಿದು ಬರಹ ಅಂಚಿಗೆ ಹತ್ತಿ, ಹಾಳೆಯ ಹಿಂಬದಿಗೆ ಹೋಯಿತು. ಕೊನೆಗೆ ಮುದುಕಿ ಸಾಕೆಂದು ಕೈ ಎತ್ತಿದಳು. ಒಂದು ಮಾತು ಹೇಳಿದಳು, ಚಿಕ್ಕದು, ಮೂರೋ ನಾಲ್ಕೋ ಪದ. ಜೋಸೆಟ್ ಫಕ್ಕನೆ ನಕ್ಕು, ನಕ್ಕದ್ದಕ್ಕೆ ಬಾಯಿಗೆ ಕೈ ಒತ್ತಿದಳು; ಕಣ್ಣಲ್ಲಿ ನೀರಿತ್ತು.

ಲೈಲ್ ಕೇಳಬೇಕೋ ಬೇಡವೋ ಎಂದು ಒಂದು ಗಳಿಗೆ ಕುಳಿತ. ನಂತರ ಕೇಳಿದ. "ಏನಂದ್ರು?"

"ಕೆಳಗೆ ತನ್ನ ಹೆಸರು ಹಾಕ್ಲಿ, ಹಾಕಿ ಅಭ್ಯಾಸ ಇದೆಯಲ್ಲ, ಅಂದ್ಲು."

ಅವನು ಬಗ್ಗಿ ಹಾಳೆಯ ತಳದಲ್ಲಿ ಹೆಸರು ಬರೆದ. ಕೈ ತಾನಾಗಿಯೇ ಅಕ್ಷರಗಳನ್ನು ಚಿಕ್ಕದು ಮಾಡಿತು, ಆದಷ್ಟು ಚಿಕ್ಕದು. ಜೋಸೆಟ್ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದಳು, ತಿರುಗಿ ತಂದು ಅವನ ಮುಂದೆ ಇಟ್ಟಳು.

"ಓದೋಕಾಗಲ್ಲ," ಎಂದಳು. "ಎಲ್ಲರಿಗೂ ಕಾಣೋ ಹಾಗೆ ಬರಿ."

ಅವನು ಬರೆದ.